ಹೊಲಿಗೆ ಅಕ್ಕನ ‘ಬಡವು’

ನಿನ್ನೆ ಬಂಗುಡೆ ಮೀನಿನ ಸಾರಿಗೆ ಬಿಂಬುಳಿ ಹಾಕಿ ಮಣ್ಣಿನ ಚಟ್ಟಿಯ ಮುಚ್ಚಳ ಮುಚ್ಚಲು ಹೋದೆ. ಹುಳಿ ಹುಳಿ ಆವಿ ಮೂಗಿಗೆ ಬಡಿದದ್ದೇ ತಡ, ಬೇಲಿಯಾಚೆಯಿಂದ “ಬಾಯಮ್ಮಾ...” ಎಂದು ಕರೆದ ಹಾಗಾಯಿತು.

ಕ್ರಿಶ್ಚಿಯನ್ ಹೆಂಗಸರಿಗೆ ನಮ್ಮ ಕಡೆ ಬಾಯಮ್ಮ ಅನ್ನುವುದು; ನನ್ನನ್ನು ಹಾಗೆ ಕರೆಯುತ್ತಿದ್ದದ್ದು ಹೊಲಿಗೆ ಅಕ್ಕ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬಂಟ್ವಾಳದಲ್ಲಿ, ಹೊಳೆಗೆ ಇಳಿಯುವ ಓಣಿಯಲ್ಲಿ, ನಮ್ಮ ಪಕ್ಕದ ಮನೆ ಅವರದು. ಗಂಡ ಮುಂಬೈಯ ಹೋಟೆಲಿನಲ್ಲಿದ್ದವರು, ಕಾಯಿಲೆ ಹಿಡಿದು ಊರಿಗೆ ಬಂದು ತೀರಿಹೋದರು. ಆಮೇಲೆ ಅಕ್ಕನಿಗೂ ಬಿಡದ ಕೆಮ್ಮು, ಸಂಜೆ ಸಂಜೆ ಜ್ವರ. ಕ್ಷಯ ಅಂತ ಗೊತ್ತಾಯಿತು. ರಕ್ತ ನೋಡಿದಾಗ ಎಚ್‌ಐವಿಯೂ ಉಂಟು ಅಂತ ಗೊತ್ತಾಯಿತು. ಓಣಿಯ ಹೆಂಗಸರು ರವಿಕೆ ಹೊಲಿಯಲು ಕೊಡುವುದು ಮೆಲ್ಲ ಕಡಿಮೆಯಾಯಿತು...

ಮೊದಲು ಕ್ಷಯದ ಮಾತ್ರೆ, ಅದು ಮೈಗೆ ಒಗ್ಗಿದ ಮೇಲೆ ಎಚ್‌ಐವಿಯದು. ಎರಡೂ ಸೇರಿದಾಗ ಅಕ್ಕನಿಗೆ ಅನ್ನ ಕಂಡರೆ ವಾಕರಿಕೆ. ಸಾಲದ್ದಕ್ಕೆ ಪಥ್ಯ ಬೇರೆ: ಮದ್ದು ಮಾಡುವಾಗ ಮೀನು ನಂಜು ಅಲ್ಲವಾ, ಗಂಜಿ, ಉಪ್ಪಿನಕಾಯಿ ಅಷ್ಟೇ. ಕ್ಷಯ ಅಂಟೀತು ಎಂದು ಮಗಳನ್ನು ಸಿದ್ಧಕಟ್ಟೆಯ ಅಜ್ಜಿಮನೆಗೆ ಕಳಿಸಿದ್ದರು. “ಡಾಕ್ಟ್ರು ಆಗಬಹುದು ಅಂದ ಮೇಲೆಯೇ ಕರಕೊಂಡು ಹೋಗು” ಎಂದು ಅಜ್ಜಿ ಖಂಡಿತವಾಗಿ ಹೇಳಿದ್ದರು. ಅಕ್ಕ ಮಗಳಿಗೆ ನೀಲಿ ಲಂಗವೊಂದು ಹೊಲಿದಿಟ್ಟು, ಅವಳು ಎಷ್ಟು ಬೆಳೆದಾಳೋ ಎಂದು ಅಂದಾಜಿಸಿ ಮತ್ತೆ ಮತ್ತೆ ಅಂಚು ಬಿಚ್ಚಿ ಇಳಿಸುತ್ತಿದ್ದರು.

ಒಂದು ಬೆಳಿಗ್ಗೆ, ಇದೇ ಸಾರು ಒಲೆಯ ಮೇಲಿತ್ತು. ಅಕ್ಕ ಬೇಲಿ ಹಿಡಿದು ಕೂಗಿದರು, “ಬಾಯಮ್ಮಾ, ಬಡವಾಪುಂಡು!”

ನಾನು ಸೌಟು ಹಿಡಿದುಕೊಂಡೇ ಓಡಿದೆ. ಹಸಿವಾಗ್ತದೆ ಅಂತಿದ್ದಾರೆ! ಎಷ್ಟು ಕಾಲದ ಮೇಲೆ!

“ಬನ್ನಿ ಅಕ್ಕ, ಊಟ ಬಡಿಸ್ತೇನೆ.”

“ಮೀನು ನಂಜಲ್ವಾ ಮಾರಾಯ್ತಿ? ಇವತ್ತು ಆಸ್ಪತ್ರೆಗೆ ಹೋಗ್ಲಿಕ್ಕುಂಟಲ್ಲ. ಕೇಳುವ.”

ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ವಿಜಾಪುರದ ಕಡೆಯವರು.

“ಆರಾಮ ಅದೀರೇನ್ರೀ?”

ನನ್ನ ಹತ್ತಿರವೆಲ್ಲ ತುಳುವೇ; ಡಾಕ್ಟರಿಗೆಂದು ಮನೆಯಿಂದ ಅಷ್ಟು ಕನ್ನಡ ಬಾಯಿಪಾಠ ಮಾಡಿಕೊಂಡು ಬಂದಿದ್ದರು ಅಕ್ಕ. ಸಂಭ್ರಮದಲ್ಲಿ ಎಲ್ಲ ಮರೆತುಹೋಯಿತು. “ಡಾಕ್ಟ್ರೇ, ಬಡವಾಪುಂಡು! ಮಸ್ತ್ ಬಡವಾಪುಂಡು!”

ಡಾಕ್ಟರ ಮುಖ ಸಪ್ಪಗಾಯಿತು. “ಬಡವಾಗೀರಾ? ಗುಳಿಗಿ ಬಿಟ್ಟೀರೇನ್ರೀ? ಖರೇ ಹೇಳ್ರಿ.”

ಅಕ್ಕ ನನ್ನ ಮುಖ ನೋಡಿದರು. ನನಗೂ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಡಾಕ್ಟರು ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಬಾಗಿ ಮುಳ್ಳು ನೋಡಿದರು, ಹಳೆಯ ಚೀಟಿ ನೋಡಿದರು, ಇನ್ನೊಮ್ಮೆ ಮುಳ್ಳು ನೋಡಿದರು.

“ತೂಕ ಏರೇದಲ್ರೀ! ಮತ್ತ ಬಡವಾಗೇನಿ ಅಂತೀರಿ?”

ಆಗ ಹೊಳೆಯಿತು ನನಗೆ, ಅವರ ಕನ್ನಡದಲ್ಲಿ ಬಡವಾಗುವುದು ಅಂದರೆ ಸೊರಗುವುದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮರ್ಯಾದೆ ಎಲ್ಲ ಬಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟೆ. “ಡಾಕ್ಟ್ರೇ, ತುಳುವಿನಲ್ಲಿ ಬಡವು ಅಂದ್ರೆ ಹಸಿವು! ಇವರಿಗೆ ಹಸಿವಾಗ್ತಾ ಉಂಟು!”

ಡಾಕ್ಟರು ಮೇಜು ಬಡಿದು ನಕ್ಕರು. “ಹಂಗಾದ್ರ ದಿನಾ ಬಡವಾಗ್ರಿ ಅಕ್ಕಾರ! ಮೀನ ತಿನ್ರಿ, ತತ್ತಿ ತಿನ್ರಿ. ಈ ಗುಳಿಗಿಗೆ ಯಾವ ಪಥ್ಯನೂ ಇಲ್ಲ. ಬಿಡಬಾರದು, ಅಷ್ಟ.”

ಅಕ್ಕನ ಸ್ವರ ಸಣ್ಣದಾಯಿತು. “ಮಗಳು...?”

“ಕರಕೊಂಡ ಬರ್ರಿ. ಕಫದಾಗ ಈಗ ಏನೂ ಇಲ್ಲ.”

ಮನೆಗೆ ಹೋಗುವ ಮಾತೇ ಇಲ್ಲ. ನೇರ ಸಿದ್ಧಕಟ್ಟೆ ಬಸ್ಸು. ನಿಲ್ಲಲಿಕ್ಕೂ ಜಾಗವಿಲ್ಲ, ಅಕ್ಕ ಕಂಬಿ ಹಿಡಿದು ಉದ್ದಕ್ಕೂ ನಗುತ್ತಿದ್ದರು. ಲಂಗ ಕೈಚೀಲದಲ್ಲೇ ಇತ್ತು! ಡಾಕ್ಟರು ಆಗಬಹುದು ಅಂದರೆ ಎಂದು ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗಲೂ ತೆಗೆದುಕೊಂಡು ಹೋಗುತ್ತಿದ್ದರಂತೆ... ಅಜ್ಜಿಯ ಅಂಗಳದಲ್ಲಿ ಹುಡುಗಿಗೆ ತೊಡಿಸಿದರು. ಅಷ್ಟು ಇಳಿಸಿಯೂ ಗಿಡ್ಡ!

ಸಂಜೆ ನಮ್ಮ ಅಡುಗೆಮನೆಯಲ್ಲಿ ತಾಯಿ ಮಗಳು ಒಟ್ಟಿಗೆ ಉಂಡರು. ಅಕ್ಕನಿಗೆ ಬಂಗುಡೆಯ ತಲೆಯೇ ಬೇಕು. ಕಣ್ಣು ಮುಚ್ಚಿ ಚೀಪುತ್ತಿದ್ದ ಸದ್ದು ಇನ್ನೂ ಕಿವಿಯಲ್ಲುಂಟು.

ಆಮೇಲೆ ಬಹಳ ವರ್ಷ ಬೇಲಿಯಾಚೆ ಹೊಲಿಗೆ ಮೆಷಿನು ಓಡಿತು. ಮಗಳ ಮದುವೆಯ ರವಿಕೆಯನ್ನೂ ಅಕ್ಕನೇ ಹೊಲಿದರು. ಕಳೆದ ಮಳೆಗಾಲ, ಒಂದು ಮಧ್ಯಾಹ್ನ ಎದೆನೋವು ಎಂದು ಮಲಗಿದವರು ಏಳಲಿಲ್ಲ...

ನಿನ್ನೆ ಎಲ್ಲರೂ ಉಂಡೆದ್ದರು. ನಮ್ಮಲ್ಲಿ ಬಂಗುಡೆಯ ತಲೆ ತಿನ್ನುವವರಿಲ್ಲ. ಚಟ್ಟಿಯ ತಳದಲ್ಲಿ ಅದೊಂದೇ ಉಳಿದಿತ್ತು. ಬೇಲಿಯ ಕಡೆ ನೋಡಿದೆ. ಆಚೆ ಯಾರಿಗೂ ಬಡವು ಆಗುತ್ತಿರಲಿಲ್ಲ.