ಮಾಬುಸಾಬರ ಬಲಗಾಲು

ಮಾಬುಸಾಬರು ಕೂತರೂ ಅವರ ಬಲಗಾಲು ಕೂಡುತ್ತಿರಲಿಲ್ಲ. ಸಾಣೆಕಲ್ಲಿನ ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ ನಮ್ಮ ಕಟ್ಟೆಯ ಮೇಲೆ ಚಾ ಹಿಡಿದು ಕೂರುತ್ತಿದ್ದರು. ಮೈಯೆಲ್ಲ ವಿಶ್ರಾಂತಿಯಲ್ಲಿದ್ದರೂ ಆ ಕಾಲು ಮಾತ್ರ ಇಲ್ಲದ ಪೆಡಲ್ಲನ್ನು ತುಳಿಯುತ್ತಲೇ ಇರುತ್ತಿತ್ತು. ಬಸಿಯೊಳಗಿನ ಚಾ ಅಲೆ ಎದ್ದು ಪಂಚೆ ಮೇಲೆ ಚೆಲ್ಲುತ್ತಿತ್ತು. ಓಣಿಯಲ್ಲಿ ಯಾವ ಕೂಸು ಹಟ ಹಿಡಿದು ಅತ್ತರೂ ತಂದು ಆ ಕಾಲ ಮೇಲೆ ಮಲಗಿಸುತ್ತಿದ್ದರು. ಐದು ನಿಮಿಷಕ್ಕೆ ನಿದ್ದೆ.

"ಹುಟ್ಟಿದಾಗಿಂದ ಚಾಳಿ ಅಲ್ಲ ಅಕ್ಕಾರೆ, ಸಾಣೆ ಹಿಡಿದು ಬಂದಿದ್ದು. ನಾನು ಸುಮ್ಕಿರು ಅಂತೀನಿ, ಅದು ನೀನೇ ಸುಮ್ಕಿರು ಅಂತೈತೆ," ಎನ್ನುತ್ತಿದ್ದರು.

ನಾನು ನಗುತ್ತಿದ್ದೆ, ಆದರೆ ನನ್ನ ಕೈಯೂ ಅದೇ ಜಾತಿಯದು. ನಾನು ಕೊಕ್ಕನೂರಿನಲ್ಲಿ ಹುಟ್ಟಿ, ದಾವಣಗೆರೆ ಪಕ್ಕದ ಆವರಗೆರೆಗೆ ಸೊಸೆಯಾಗಿ ಬಂದು, ನಲವತ್ತು ವರ್ಷ ಕಂಡವರ ಗದ್ದೆಯಲ್ಲಿ ಕಳೆ ಕಿತ್ತವಳು. ಈಗಲೂ ಚಾಪೆ ಮೇಲೆ ಕೂತರೆ ಚಾಪೆಯ ಕಡ್ಡಿ ಕೀಳುತ್ತೇನೆ. ಅವರ ಕಾಲು, ನನ್ನ ಕೈ. ಒಂದೇ ಕಟ್ಟೆಯ ಮೇಲೆ ನಾವಿಬ್ಬರು ಕೂತರೆ ನೋಡುವವರಿಗೇ ದಣಿವಾಗುತ್ತಿತ್ತು.

ಮೊನ್ನೆ ನನ್ನ ಮೊಮ್ಮಗಳು ಲೀಲಾ ತನ್ನ ಸ್ವಂತ ಗೂಡ್ಸ್ ಆಟೋಕ್ಕೆ ಹೆಸರು ಬರೆಸಿಕೊಂಡು ಬಂದಳು. 'ಲೀಲಾ ಲಾನ್ ಕೆಲಸ, ದಾವಣಗೆರೆ, ಹರಿಹರ.' ಹಸಿರು ಅಕ್ಷರ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದೆ. ಬಣ್ಣ ಹಸಿ ಇತ್ತು, ಬೆರಳಿಗೆ ಹತ್ತಿತು. "ಅಜ್ಜೀ, ಬರೆಸಿದ್ದೆಲ್ಲಾ ಅಳಿಸಿಬಿಟ್ಟೀಯ!" ಎಂದು ಕೂಗಿದಳು. ಅಳಿಸಿದರೆ ಅಳಿಸಲಿ, ಇನ್ನೊಂದು ಸಲ ಬರೆಸಿದರೆ ಇನ್ನೊಂದು ಸಲ ಓದುತ್ತೇನೆ. ಸಂತೋಷ ಹೊಟ್ಟೆ ತುಂಬಿ ಗಂಟಲಿಗೆ ಬಂದಿದೆ, ಕೂತಲ್ಲಿ ಕೂರುವುದಕ್ಕೆ ಆಗುತ್ತಿಲ್ಲ. ಈ ಸಂತೋಷದಲ್ಲಿ ಅರ್ಧ ಪಾಲು ಮಾಬುಸಾಬರದ್ದು. ಪಾಲು ತಗೊಳ್ಳುವುದಕ್ಕೆ ಅವರಿಲ್ಲ. ಅದಕ್ಕೇ ಅವರ ವಿಷಯ ಹೇಳುತ್ತಿದ್ದೇನೆ.

ಅವರ ಮನೆ ಹರಿಹರದಲ್ಲಿ, ಹೊಳೆ ಕಡೆ. ವಾರಕ್ಕೆ ಎರಡು ಸಲ ಸೈಕಲ್ಲು ತುಳಿದುಕೊಂಡೇ ದಾವಣಗೆರೆಗೆ ಬರುತ್ತಿದ್ದರು. "ಸಾಣೇ... ಈಳಿಗೆ, ಕತ್ರಿ, ಕುಡುಗೋಲು ಸಾಣೇ..." ಎಂಬ ಕೂಗು ಓಣಿಯ ತುದಿಯಲ್ಲಿ ಕೇಳಿದರೆ ಹೆಂಗಸರು ಮೊಂಡಾದದ್ದನ್ನೆಲ್ಲ ಹುಡುಕಿ ತರುತ್ತಿದ್ದರು. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ತುಳಿದರೆ ಹ್ಯಾಂಡಲ್ಲಿನ ಮುಂದಿನ ಕಲ್ಲು ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು. ಅವರು ಕಿಡಿ ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಕೇಳುತ್ತಿದ್ದರು.

"ಧಾರೆ ಕಣ್ಣಿಗೆ ಸುಳ್ಳು ಹೇಳ್ತೈತಿ ಅಕ್ಕಾರೆ, ಕಿವಿಗೆ ಹೇಳಲ್ಲ."

ಬೇಕಾದದ್ದಕ್ಕಿಂತ ಒಂದು ಸುತ್ತು ಜಾಸ್ತಿ ಹಿಡಿಯುತ್ತಿರಲಿಲ್ಲ. ಇನ್ನೊಂಚೂರು ಹಿಡೀರಿ ಎಂದರೆ ಸಿಟ್ಟು. "ಸಾಕು. ಕಬ್ಬಿಣ ತಿನ್ನಾಕೆ ಬಂದಿಲ್ಲ ನಾನು. ಹೊಟ್ಟೆ ತುಂಬಿದ ಮ್ಯಾಲೆ ಬಡಿಸಬಾರ್ದು."

ಲೀಲಾ ಬಿ.ಕಾಂ. ಮುಗಿಸಿ ಒಂದು ನರ್ಸರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿದ್ದಳು. ಹೊಸ ಬಡಾವಣೆಯವರು ಹುಲ್ಲಿನ ಹಾಸು ಒಯ್ಯುವಾಗ, ಇದನ್ನ ಆಮೇಲೆ ನೋಡಿಕೊಳ್ಳೋರು ಯಾರು ಎಂದು ಕೇಳುತ್ತಿದ್ದರಂತೆ. ಕೇಳಿ ಕೇಳಿ ಒಂದು ದಿನ, "ನಾನೇ ನೋಡ್ಕೊತೀನಿ" ಎಂದು ಹೇಳಿ ಕೆಲಸ ಬಿಟ್ಟು ಮನೆಗೆ ಬಂದಳು! ನನ್ನ ಮಗ ಬಸಣ್ಣ, ಅವಳ ಅಪ್ಪ, ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಅವನು ತಲೆ ಮೇಲೆ ಕೈ ಹೊತ್ತುಕೊಂಡ.

"ಹುಲ್ಲು ಬೆಳೆಸಾಕೂ ದುಡ್ಡು, ಕತ್ತರಿಸಾಕೂ ದುಡ್ಡು? ಎರಡು ಎಮ್ಮೆ ಬಿಟ್ರೆ ಆತಪ್ಪ! ಯುಗಾದಿವರೆಗೆ ನೋಡ್ತೀನಿ. ಅಷ್ಟರಾಗೆ ಕಾಯಂ ಕೆಲಸ ಕೊಡೋ ಒಂದು ಮನಿ ತೋರ್ಸು. ಇಲ್ಲಾಂದ್ರೆ ಸೀರೆ ಅಂಗಡಿ ಕೌಂಟರ್ ಐತೆ, ಮಾತಾಡಿ ಇಟ್ಟೀನಿ."

ಅವಳು ಗುತ್ತೂರಿನ ಗುಜರಿಯಿಂದ ಹುಲ್ಲು ಕತ್ತರಿಸುವ ಒಂದು ತಳ್ಳುವ ಮಿಷನ್ನು ತಂದಳು. ಎರಡು ಗಾಲಿ, ನಡುವೆ ಐದು ತಿರುಚಿದ ಪಟ್ಟಿಗಳ ಉರುಳೆ, ಕೆಳಗೆ ಕದಲದ ಒಂದು ಅಲಗು. ನಮ್ಮ ಹಿತ್ತಲಿನ ಹುಲ್ಲಿನ ಮೇಲೆ ತಳ್ಳಿದರೆ ಕರು ನೆಕ್ಕಿದ ಹಾಗೆ ಹುಲ್ಲೆಲ್ಲ ಒಂದು ಕಡೆ ಮಲಗಿತು, ಒಂದು ಎಳೆಯೂ ತುಂಡಾಗಲಿಲ್ಲ. ರಿಪೇರಿ ಅಂಗಡಿಯವರು ನೋಡಿ, ಗುಜರಿಗೇ ವಾಪಸ್ ಕೊಡಿ ಎಂದರು.

ಮಾಬುಸಾಬರು ಅಂಥದ್ದನ್ನು ಹುಟ್ಟಾ ನೋಡಿದವರಲ್ಲ. ಕಟ್ಟೆಯ ಮೇಲೆ ಅದನ್ನು ಬೋರಲು ಹಾಕಿ ಉರುಳೆಯನ್ನು ಮೆಲ್ಲಗೆ ತಿರುಗಿಸಿ ಕಿವಿ ಕೊಟ್ಟರು. ಒಂದು ಲೋಟ ಚಾ ಆರಿತು, ಎರಡನೆಯದೂ ಆರಿತು. ಕಾಲು ಮಾತ್ರ ತುಳಿಯುತ್ತಿತ್ತು.

"ತಿಳೀತು ಬೇಟಿ. ಇವು ಐದು ಸೊಸೇರು. ಕೆಳಗೆ ಕುಂತೈತಲ್ಲ, ಅದು ಅತ್ತೆ. ಸೊಸೇರು ಅತ್ತೀಗೆ ತಾಗಿಯೂ ತಾಗದಂಗೆ ಹಾದು ಹೋಗ್ಬೇಕು. ತಾಗಿದ್ರೆ ಜಗಳ, ದೂರಾದ್ರೆ ಮನಿ ಕೆಲಸ ಆಗಲ್ಲ."

"ನಮ್ಮನ್ಯಾಗೆ ಒಬ್ಬ ಸೊಸೆ ಜೊತೇನೇ ಆಗವಲ್ದು, ಐದು ಮಂದಿ ಎಲ್ಲಿಂದ ಸಂಭಾಳಿಸ್ತೀರಿ ಮಾಬಣ್ಣ?" ಎಂದೆ. ಒಳಗಿನಿಂದ ನನ್ನ ಸೊಸೆ ಪಾತ್ರೆ ಕುಕ್ಕಿದ ಸದ್ದು ಬಂತು.

ಎಣ್ಣೆಯಲ್ಲಿ ಸಾಣೆಪುಡಿ ಕಲಸಿ ಹಚ್ಚಿ, ಉರುಳೆಯನ್ನು ಹಿಂದುಹಿಂದಕ್ಕೆ ತಿರುಗಿಸಿದರು. ಎರಡು ದಿನ ಅದೇ ಕೆಲಸ. ಮೂರನೇ ದಿನ ಪೇಪರಿನ ಒಂದು ಚೂರು ಒಡ್ಡಿದರು. ಕಸಕ್ಕನೆ ತುಂಡಾಯಿತು. ಈ ತುದಿ, ಆ ತುದಿ, ನಡುವೆ, ಎಲ್ಲ ಕಡೆ ಕಸಕ್, ಕಸಕ್. ಲೀಲಾ ಅವರ ಕಾಲಿಗೆ ಬಿದ್ದಳು. "ಆ ಕಾಲಿಗೆ ಬ್ಯಾಡ, ಒದ್ದುಬಿಡ್ತೈತಿ!" ಎಂದು ಎಡಗಾಲು ಮುಂದಿಟ್ಟರು.

ಮಿಷನ್ನು ಸರಿಯಾದ ಮೇಲೆ ಮೊದಲ ದೊಡ್ಡ ಮನೆ ಸಿಕ್ಕಿತು. ಒಬ್ಬ ಡಾಕ್ಟರಮ್ಮನ ಬಂಗಲೆ. ಅವರ ಮಗಳ ನಿಶ್ಚಿತಾರ್ಥ ಆ ಲಾನಿನ ಮೇಲೆಯೇ, ಇನ್ನು ಇಪ್ಪತ್ತಾರು ದಿನಕ್ಕೆ. ಚೆನ್ನಾಗಿ ಮಾಡಿದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದಿದ್ದರು. ಯುಗಾದಿಗೆ ಒಂದೇ ತಿಂಗಳಿತ್ತು. ಕಳೆ ತೆಗೆಯುವುದಕ್ಕೆ ನಾನೂ ಹೊರಟೆ. ಮೊದಲ ದಿನವೇ ಮಿಷನ್ನಿನ ಒಂದು ಬೋಲ್ಟ್ ಹೋಯಿತು. ಅಂಥದ್ದೇ ಇನ್ನೊಂದು ತರಲು ಲೀಲಾ ಹರಿಹರಕ್ಕೆ ಮಾಬುಸಾಬರ ಹತ್ತಿರ ಹೋದಳು. "ಅಜ್ಜೀ, ಸುಮ್ನೆ ಕೂತಿರು" ಎಂದು ಹೇಳಿಯೇ ಹೋದಳು.

ನಾನು ಸುಮ್ಮನೆ ಕೂರುವುದೆ? ಕುಕ್ಕರಗಾಲಲ್ಲಿ ಕೂತೆ. ನೋಡಿದರೆ ಎಲ್ಲಿ ನೋಡಿದರೂ ಗರಿಕೆ! ನಲವತ್ತು ವರ್ಷದ ನನ್ನ ವೈರಿ. ಗದ್ದೆಯಲ್ಲಿ ಒಂದು ಎಳೆ ಬಿಟ್ಟರೆ ಮಾಲೀಕ ಬೈಯುತ್ತಿದ್ದ ಗರಿಕೆ. ಡಾಕ್ಟರಮ್ಮನ ಪುಣ್ಯ, ನಾನು ಬಂದೆ ಅಂದುಕೊಂಡು ಶುರು ಮಾಡಿದೆ. ಬೇರು ಸಮೇತ ಎಳೆದು, ಮಣ್ಣು ಕೊಡವಿ, ಗುಡ್ಡೆ ಹಾಕಿದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾಲ್ಕು ಮಂಚ ಹಾಕುವಷ್ಟು ಜಾಗ ಕನ್ನಡಿಯ ಹಾಗೆ ಸ್ವಚ್ಛ.

ಲೀಲಾ, ಮಾಬುಸಾಬರು ಗೇಟಿನಲ್ಲಿ ಬಂದು ನಿಂತರು. ಅವಳು ಗುಡ್ಡೆಯತ್ತ ಬೆರಳು ತೋರಿಸಿದಳು.

"ಅಜ್ಜೀ... ಅದೇ ಲಾನು."

"ಯಾವುದು?"

"ಗರಿಕೇನೇ ಲಾನು ಅಜ್ಜಿ. ಇಲ್ಲಿ ಬೆಳೆ ಅಂದ್ರೆ ಅದೇ!"

ನನ್ನ ಕೈಯಲ್ಲಿ ಇನ್ನೂ ಒಂದು ಹಿಡಿ ಇತ್ತು. ಬಿಡಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಕೂಸಿನ ಅನ್ನ ನಾನೇ ಕಿತ್ತೆನಲ್ಲಾ ಎಂದು ಅಲ್ಲೇ ಅಳತೊಡಗಿದೆ. ಲೀಲಾ ಅಳಲಿಲ್ಲ, ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಸಂಕಟ. ಸೀದಾ ಒಳಗೆ ಹೋಗಿ ಡಾಕ್ಟರಮ್ಮನಿಗೆ ಆದದ್ದನ್ನೆಲ್ಲ ಹೇಳಿದಳು. ಅವರು ಬಂದು ನೋಡಿದರು.

"ಆ ದಿನ ಇಲ್ಲಿ ಮಣ್ಣು ಕಾಣಬಾರದು. ಕಂಡರೆ ನೀನು ಮತ್ತೆ ಬರೋದು ಬೇಡ," ಎಂದು ಒಳಗೆ ಹೋದರು.

ಮಾಬುಸಾಬರು ಗುಡ್ಡೆಯ ಹತ್ತಿರ ಕೂತು ಒಂದು ಬಳ್ಳಿ ಎತ್ತಿ ನೋಡುತ್ತಿದ್ದರು. ಕಾಲು ಎಂದಿಗಿಂತ ಜೋರು.

"ಅಕ್ಕಾರೆ, ಒಂದು ಮಾತು ಹೇಳ್ರಿ. ನಲವತ್ತು ವರ್ಷ ಇದನ್ನ ಕಿತ್ತೀರಿ. ಒಂದು ವರ್ಷನಾದ್ರೂ ಸತ್ತಿತ್ತಾ?"

ನಾನು ತಲೆ ಎತ್ತಿದೆ.

"ಎಲ್ಲಿ ಸಾಯ್ತೈತೆ ಅದು! ಒಂದು ಗೆಣ್ಣು ಉಳಿದ್ರೆ ಸಾಕು, ತಿಂಗಳಿಗೆ ಬದುವೆಲ್ಲಾ ಹಬ್ಬಿರ್ತೈತೆ."

"ಮತ್ತೆ ಅಳಾಕೆ ಏನೈತ್ರಿ? ಕೊಲ್ಲಾಕೆ ಬರ್ಲಿಲ್ಲ ಅಂದ ಮ್ಯಾಲೆ ಸಾಕಾಕೆ ಬರ್ತೈತಿ. ಆ ಮಚ್ಚು ಕೊಡು ಬೇಟಿ."

ಅವರು ಮಚ್ಚಿಗೆ ಸಾಣೆ ಹಿಡಿದರು. ನಾನು ಗರಿಕೆಯನ್ನು ತುಂಡು ತುಂಡು ಮಾಡಿದೆ, ಒಂದೊಂದು ತುಂಡಿಗೂ ಒಂದು ಗೆಣ್ಣು ಇರುವ ಹಾಗೆ. ಲೀಲಾ ಆವರಗೆರೆಯಿಂದ ಸಗಣಿ ತಂದಳು. ಸಗಣಿ, ಮಣ್ಣು, ಗರಿಕೆ, ನೀರು ಕಲಸಿ ಅಂಗಳ ಸಾರಿಸಿದ ಹಾಗೆ ಆ ನಾಲ್ಕು ಮಂಚದ ಜಾಗವನ್ನು ಸಾರಿಸಿದೆ. ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. ಎರಡು ದಿನ ಬಿಟ್ಟು ತೆಗೆದೆವು. ಕಂದು ನೆಲ. ಮೂರು ದಿನ, ನಾಲ್ಕು ದಿನ, ಕಂದು ನೆಲ.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ನಿಲ್ಲಲಿಲ್ಲ. ಬೆಳಗಾದರೆ ಸಿಟಿ ಬಸ್ಸು ಹತ್ತಿ ಹೋಗಿ ನೋಡುವುದು, ನೀರು ಚಿಮುಕಿಸುವುದು, ಬರುವುದು, ಬಂದ ಮೇಲೆ ಮತ್ತೆ ಹೋಗಬೇಕು ಅನ್ನಿಸುವುದು. ನಾನು ಹೋದರೆ ನನಗಿಂತ ಮೊದಲೇ ಗೇಟಿನ ಹತ್ತಿರ ಸಾಣೆ ಸೈಕಲ್ಲು ನಿಂತಿರುತ್ತಿತ್ತು. ವಾರಕ್ಕೆ ಎರಡು ಸಲ ಬರುತ್ತಿದ್ದ ಮನುಷ್ಯ ದಿನಾ ಹರಿಹರದಿಂದ ತುಳಿದುಕೊಂಡು ಬರುತ್ತಿದ್ದರು.

"ಏನ್ರಿ ಮಾಬಣ್ಣ, ಇಲ್ಲಿ?"

"ಇವರ ಮನಿ ಚಾಕು ಒಂದು ಮೊಂಡು ಆಗಿತ್ತಕ್ಕಾರೆ."

"ನಿನ್ನೆನೂ ಆಗಿತ್ತಲ್ರಿ?"

"ನಿನ್ನೆದು ಬ್ಯಾರೆ."

ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚು ಹಿಡಿಯದ ಮನುಷ್ಯ ಆ ಮನೆಯ ಚಾಕುಗಳನ್ನು ಹಿಡಿದು ಹಿಡಿದು ಉಗುರಿನಷ್ಟು ತೆಳ್ಳಗೆ ಮಾಡಿಬಿಟ್ಟಿದ್ದರು. ಅಡುಗೆಯವಳು, "ಸಾಬ್ರೇ, ಇನ್ನು ಹಿಡಿ ಒಂದೇ ಉಳ್ದೈತೆ, ಅದಕ್ಕೂ ಹಿಡೀರಿ" ಎಂದು ರೇಗಿದಳು.

ಒಂಬತ್ತನೇ ದಿನ ಅವರು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದ್ದರು. ಬಿದ್ದರೇನೋ ಎಂದು ಓಡಿದೆ. "ಬಗ್ಗಿ ನೋಡ್ರಿ, ನಿಂತ್ರೆ ಕಾಣಲ್ಲ" ಎಂದರು. ಬಗ್ಗಿದೆ. ಸೂಜಿ ಮೊನೆಯಷ್ಟು ಹಸಿರು. ಒಂದಲ್ಲ, ಲೆಕ್ಕವಿಲ್ಲದಷ್ಟು. ನಾವಿಬ್ಬರು ಮುದುಕರು ಆ ಬಂಗಲೆಯಲ್ಲಿ ನೆಲದ ಮೇಲೆ ಮಲಗಿ ನಕ್ಕದ್ದು ನೆನೆದರೆ ಈಗಲೂ ನಾಚಿಕೆ.

ನಿಶ್ಚಿತಾರ್ಥದ ದಿನ ಡಾಕ್ಟರಮ್ಮ ಲೀಲಾಳನ್ನು ಕರೆದು ಕೇಳಿದರು: "ಈ ತುಂಡು ಮಾತ್ರ ಯಾಕೆ ಇಷ್ಟು ಹಸಿರಾಗಿದೆ? ಉಳಿದದ್ದನ್ನೂ ಹೀಗೇ ಮಾಡಿಕೊಡು. ಇನ್ನು ಮೇಲೆ ಈ ಲಾನು ನಿನ್ನದು."

ಬಸಣ್ಣ ಸೀರೆ ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ. ಆ ಸಾರಿಸುವ ಕೆಲಸವೇ ಲೀಲಾಳ ಹೆಸರಾಯಿತು. ಹಾಸು ತಂದು ಹಾಕುವುದಕ್ಕಿಂತ ಖರ್ಚು ಕಡಿಮೆ, ಹಿಡಿಯುವುದು ಗಟ್ಟಿ. ಒಂದು ಮನೆ ಆರಾಯಿತು. ಆಮೇಲೆ ಎರಡು ಕಲ್ಯಾಣ ಮಂಟಪ, ಒಂದು ಶಾಲೆ, ಹರಿಹರದಲ್ಲಿ ಕಾರ್ಖಾನೆಯೊಂದರ ಕ್ವಾರ್ಟರ್ಸು. ಈಗ ಅವಳ ಕೈಕೆಳಗೆ ಆರು ಹೆಂಗಸರು, ಎಲ್ಲ ನನ್ನ ಜೊತೆ ಗದ್ದೆಯಲ್ಲಿ ಕಳೆ ಕಿತ್ತವರೇ. ಅವರಿಗೆ ಮೊದಲ ಪಾಠ ಹೇಳಿಕೊಡುವವಳು ನಾನು: "ಏನು ಬೇಕಾದ್ರೂ ಕೀಳ್ರಿ, ಗರಿಕೆ ಮುಟ್ಟಿದ್ರೆ ಕೈ ಮುರೀತೀನಿ!"

ಪ್ರತಿ ಸೋಮವಾರ ಮಾಬುಸಾಬರು ಬಂದು ಎಲ್ಲ ಅಲಗುಗಳ ಸದ್ದು ಕೇಳಿ ಹೋಗುತ್ತಿದ್ದರು. ಲೀಲಾ ಪೆಟ್ರೋಲ್ ಮಿಷನ್ನು ತಂದಾಗ ಮಾತ್ರ ಮುಖ ಗಂಟು. "ಇದಕ್ಕೆ ಅತ್ತೇನೇ ಇಲ್ಲ. ಬರೀ ಬಡಿದು ಹರಿತೈತಿ."

ಹೋದ ಮಳೆಗಾಲದಲ್ಲಿ ಎರಡು ಸೋಮವಾರ ಬರಲಿಲ್ಲ. ಜಾರಿ ಬಿದ್ದು ಸೊಂಟ ಮುರಿದಿದೆ ಎಂದು ತಿಳಿಯಿತು. ಲೀಲಾ ಹಳೇ ತಳ್ಳುವ ಮಿಷನ್ನನ್ನು ಬಾಡಿಗೆ ಗಾಡಿಗೆ ಹಾಕಿಕೊಂಡೇ ಹರಿಹರಕ್ಕೆ ಹೊರಟಳು. ಅದು ಮತ್ತೆ ನೆಕ್ಕುವುದಕ್ಕೆ ಶುರು ಮಾಡಿತ್ತು. ಮಂಚದಲ್ಲಿದ್ದವರಿಗೆ ಕೆಲಸ ಒಯ್ಯುತ್ತೀಯೇನೇ ಎಂದು ಬೈಯುತ್ತಲೇ ನಾನೂ ಗಾಡಿ ಹತ್ತಿದೆ. ಆದರೆ ಮಿಷನ್ನು ಕಂಡದ್ದೇ ಅವರ ಕಣ್ಣು ಬೆಳಗಿತು.

"ತಿರುಗಿಸು ಬೇಟಿ. ನೋಡಾಕೆ ಆಗಲ್ಲ, ಕೇಳ್ತೀನಿ."

ಲೀಲಾ ತಿರುಗಿಸಿದಳು. ಅವರು ಕಣ್ಣು ಮುಚ್ಚಿದರು.

"ಬಲಗಡಿ ತುದಿಗೆ ಮೂರನೇ ಸೊಸೆ ಜಗಳಕ್ಕೆ ನಿಂತಾಳೆ. ತಿರುಪು ಕಾಲು ಸುತ್ತು ಬಿಡು. ಹಾಂ. ಇನ್ನೊಂಚೂರು. ಸಾಕು... ಸಾಕು ಅಂದ್ನಲ್ಲ!"

ಪೇಪರು ಕಸಕ್ಕೆಂದಿತು. ಅವರ ಕಾಲ ಮೇಲೆ ಹೊದಿಸಿದ್ದ ಚಾದರ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಅವರ ಸೊಸೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಳು. ಬಿದ್ದಾಗಿನಿಂದ ಆ ಕಾಲು ಆಡಿದ್ದೇ ಅವತ್ತಂತೆ. ಅದೇ ನಾವು ಅವರನ್ನು ಕಡೆಯದಾಗಿ ಕಂಡದ್ದು.

ಈಚೆಗೆ, ಸತ್ತವರನ್ನು ನೆನೆಯುವ ಬಡೀ ರಾತಿಗೆ ಮುಂಚೆ, ಹರಿಹರದ ಖಬರಸ್ತಾನದ ಗಿಡಗಂಟಿ ತೆಗೆಯಲು ಅಲ್ಲಿನ ಹಿರಿಯರು ಲೀಲಾಳನ್ನೇ ಕರೆದರು. ನಾವೆಲ್ಲ ಕುಡುಗೋಲು ಹಿಡಿದು ಹೋದೆವು, ಮಾಬುಸಾಬರೇ ಸಾಣೆ ಹಿಡಿದ ಕುಡುಗೋಲು. ಜಾಲಿ ಕಡಿದೆವು, ಪಾರ್ಥೇನಿಯಂ ಕಿತ್ತೆವು. ಅವರ ಮಗ ಬಂದು, ಇದು ಅಪ್ಪನದು ಎಂದು ಒಂದು ಮಣ್ಣಿನ ದಿಬ್ಬ ತೋರಿಸಿದ. ಪಕ್ಕದಿಂದ ಗರಿಕೆ ಹಬ್ಬಿ ಅರ್ಧ ದಿಬ್ಬ ಏರಿತ್ತು.

"ಇದನ್ನೂ ಕೀಳ್ಲೇನಕ್ಕ?" ಎಂದಳು ನಮ್ಮ ಆರು ಹೆಂಗಸರಲ್ಲಿ ಒಬ್ಬಳು, ಗಂಗಮ್ಮ.

ಅವಳು ಕೇಳುವ ಮೊದಲೇ ನನ್ನ ಕೈ ಹೋಗಿತ್ತು. ಒಂದು ಬಳ್ಳಿ ಅರ್ಧ ಬೇರು ಬಿಟ್ಟು ನನ್ನ ಬೆರಳಿನ ನಡುವೆ ಇತ್ತು. ಲೀಲಾ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಗೆಣ್ಣನ್ನು ಮಣ್ಣೊಳಗೆ ಹೆಬ್ಬೆರಳಿನಿಂದ ಒತ್ತಿದೆ, ಬಾಟ್ಲಿಯ ನೀರು ಸುರಿದೆ.

"ಬಿಡ್ರಿ ಅಜ್ಜಿ," ಎಂದ ಅವರ ಮಗ, "ಮೊನ್ನೆನೂ ತೆಗೆಸಿದ್ವಿ. ಎಷ್ಟು ಕಿತ್ರೂ ಬರ್ತೈತಿ."

"ಬರ್ಲಿ ಬಿಡಪ್ಪ," ಎಂದೆ. "ಒಂದು ಕಡೆ ಸುಮ್ನೆ ಕೂಡಾಕೆ ಬರಲ್ಲ ಅದಕ್ಕೆ."