ಅಳತೆ ಪುಸ್ತಕದ ಆಮೆ

ಸೊಸೆ ಮಾವನನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅವರ ಹೊಲಿಗೆ ಅಂಗಡಿಯಲ್ಲಿ. ಮದುವೆಯ ಗದ್ದಲದಲ್ಲಿ ಯಾರ ಮುಖ ಯಾರಿಗೆ ನೆನಪಿರುತ್ತದೆ? ಮರುವಾರ ಅವಳು ಚಹಾ ತೆಗೆದುಕೊಂಡು ಹೋದಾಗ ಅವರು ಕೊರಳಿಗೆ ಟೇಪು ಹಾಕಿಕೊಂಡು, ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಮೇಜಿನ ಮುಂದೆ ನಿಂತಿದ್ದರು. ಕನ್ನಡಕದ ಮೇಲಿನಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಳತೆ ಪುಸ್ತಕದಲ್ಲಿ ಏನೋ ಗೀಚಿ, ಆಮೇಲೆ ಲೋಟಕ್ಕೆ ಕೈ ಚಾಚಿದರು. ಅವಳು ಬಗ್ಗಿ ಓದಿದಳು: "ಸೊಸೆ. ಮೇಕೆಯ ಹಾಗೆ."

ಮೇಕೆ! ಹೊತ್ತುಗೊತ್ತಿಲ್ಲದೆ ಮೇಯುತ್ತಾಳೆ ಅಂತಲೇ? ಹಟಮಾರಿ ಅಂತಲೇ? ಗಂಡನನ್ನು ಕೇಳಿದರೆ, "ಅದರಲ್ಲಿ ನಾನು ಒಂಟೆ ಕಣೇ, ನೀನೇ ವಾಸಿ" ಎಂದು ನಕ್ಕ. ಮಾವ ಹೊಲಿದುಕೊಟ್ಟ ನಿಲುವಂಗಿ ಮಾತ್ರ ಮೈಗೆ ಎರಕ ಹೊಯ್ದಂತೆ ಕೂತಿತು. ಅದನ್ನು ತೊಟ್ಟುಕೊಂಡೇ ಅವಳು ಅಂಗಡಿಯ ಕೆಲಸಕ್ಕೆ ಸೇರಿದಳು.

ಪುಸ್ತಕದ ತುಂಬ ಪ್ರಾಣಿಗಳೇ. ಎದೆ, ಸೊಂಟ, ತೋಳಿನ ಅಂಕಿಗಳ ಪಕ್ಕದಲ್ಲಿ ಕೊಕ್ಕರೆ, ಹುಂಜ, ಕರಡಿ.

"ಮಾವ, ಕರಡಿ ಅಂದ್ರೆ ದಪ್ಪ ಅಂತನಾ?"

"ದಪ್ಪ, ಸಣ್ಣ ಹೇಳೋಕೆ ಟೇಪ್ ಇದೆಯಲ್ಲಮ್ಮ."

"ಹಾಗಾದ್ರೆ ಒರಟ ಅಂತನಾ?"

"ಅವರ ಗುಣ ಕಟ್ಕೊಂಡು ನನಗೇನಾಗಬೇಕು? ನೋಡು, ಗೊತ್ತಾಗುತ್ತೆ."

ನೋಡಿದಳು. ಏನೂ ಗೊತ್ತಾಗಲಿಲ್ಲ. ಎರಡು ವರ್ಷದಲ್ಲಿ ಹೊಲಿಗೆ ಕೈಗೆ ಹತ್ತಿತು. ಕತ್ತರಿಯನ್ನು ಮಾತ್ರ ಮಾವ ಕೊಡಲಿಲ್ಲ. "ಹೊಲಿದದ್ದನ್ನ ಬಿಚ್ಚಬಹುದು, ಕತ್ತರಿಸಿದ್ದನ್ನ ಏನು ಮಾಡ್ತೀಯ?" ಎನ್ನುತ್ತಿದ್ದರು. ಅವಳಿಗೋ ಬೇಕಾಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಮಾವನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂಚೆ ಕಚೇರಿಯ ಗುಮಾಸ್ತರು ಆ ಶನಿವಾರ ನಿವೃತ್ತರಾಗುವವರಿದ್ದರು. ಅವರ ಕೋಟಿನ ಬಟ್ಟೆ ಇನ್ನೂ ಮಡಿಕೆಯಲ್ಲೇ ಇತ್ತು.

"ವಾಪಸ್ ಕೊಟ್ಟುಬಿಡೋಣ" ಎಂದರು ಮಾವ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

"ನಾನು ಕತ್ತರಿಸ್ತೀನಿ."

"ಸರಿ. ಕೋಟು ಕೂತರೆ ಕತ್ತರಿ ನಿಂದು. ಕೆಟ್ಟರೆ ಮತ್ತೆ ಕೇಳಬಾರದು."

ಗುಮಾಸ್ತರ ಹಾಳೆಯಲ್ಲಿ "ಆಮೆಯ ಹಾಗೆ" ಎಂದಿತ್ತು. ಆಮೆ ಎಂದರೆ ನಿಧಾನ. ಅವಳು ಶಾಲೆಯಲ್ಲಿ ಕಲಿತದ್ದೇ ಅದು. ಮನುಷ್ಯ ನಿಧಾನವಾದರೆ ಕೋಟಿಗೇನು? ಮಾವನನ್ನು ಕೇಳಿದರೆ ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ. ಅಂಕಿಗಳನ್ನು ನಂಬಿ ಕತ್ತರಿಸಿದಳು.

ಗುರುವಾರ ಗುಮಾಸ್ತರು ತೊಟ್ಟು ನೋಡಿದರು. ಎದೆ ಸರಿ, ತೋಳು ಸರಿ. ಕಾಲರ್ ಮಾತ್ರ ಕತ್ತಿನ ಹಿಂದೆ ಎರಡು ಬೆರಳು ದೂರ ನಿಂತಿತ್ತು.

"ಏನಮ್ಮಾ, ಯಾರೋ ಹಿಂದಿನಿಂದ ಹಿಡಿದು ಎಳೀತಿರೋ ಹಾಗಿದೆ! ನಾನೇನು ಕಳ್ಳನಾ?"

ಅವಳು ಟೇಪು ಬಿಟ್ಟು ಅವರನ್ನೇ ಪಕ್ಕದಿಂದ ನೋಡಿದಳು. ಮೂವತ್ತು ವರ್ಷ ಬಗ್ಗಿ ಕಾಗದ ವಿಂಗಡಿಸಿದ ಮನುಷ್ಯ. ಭುಜದೊಳಗಿಂದ ಕತ್ತು ಮುಂದಕ್ಕೆ ಚಾಚಿಕೊಂಡಿತ್ತು, ಥೇಟ್ ಚಿಪ್ಪಿನಿಂದ ತಲೆ ಹೊರಗೆ ಹಾಕಿದಂತೆ. ಉಳಿದ ಬಟ್ಟೆಯಲ್ಲಿ ಬೆನ್ನಿನ ಭಾಗವನ್ನು ಮೊದಲಿಗಿಂತ ಉದ್ದವಾಗಿ ಹೊಸದಾಗಿ ಕತ್ತರಿಸಿದಳು. ಶುಕ್ರವಾರ ಕಾಲರ್ ಕತ್ತಿಗೆ ಅಂಟಿ ಕೂತಿತು.

"ಮಾವ, ಆಮೆ ಅಂದ್ರೆ ಕತ್ತು!"

"ಮತ್ತಿನ್ನೇನು?"

"ಹೂವಿನಂಗಡಿಯಮ್ಮನೂ ಆಮೆ ಅಂತಿದೆ. ಅವರ ಕತ್ತು ನೆಟ್ಟಗೇ ಇದೆಯಲ್ಲ?"

"ಅವರದು ಬೆನ್ನು. ನಿನ್ನನ್ನ ಮೇಕೆ ಅಂದದ್ದು ಇಳಿಜಾರು ಭುಜಕ್ಕೆ."

"ಅಷ್ಟು ಬರೆಯೋಕೇನಾಗಿತ್ತು?"

"ನನಗೆ ಗೊತ್ತಿತ್ತಲ್ಲ" ಎಂದ ಮಾವ ಯೋಚಿಸುತ್ತ ಕೂತರು. "ಕೋಟು ಕೆಟ್ಟೂ ಕೆಟ್ಟಿತು, ಕೂತೂ ಕೂತಿತು. ಈಗ ಕತ್ತರಿ ಕೊಡಬೇಕೋ ಬೇಡವೋ?"

ಕೊನೆಗೆ ಅವರೇ ತಡಕಿ ಕತ್ತರಿಯನ್ನು ಅವಳ ಕಡೆ ದೂಡಿದರು.

ಈಗ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವವಳು ಅವಳೇ. ಪುಸ್ತಕದಲ್ಲಿ ಪ್ರಾಣಿಯ ಮುಂದೆ ಅಂಗದ ಹೆಸರನ್ನೂ ಬರೆಯುತ್ತಾಳೆ. ಮಾವನ ಹಳೆಯ ಹಾಳೆಗಳು ಅರ್ಥವಾಗದಿದ್ದರೆ ಗಿರಾಕಿಯನ್ನು ಕರೆಸಿ ಮತ್ತೊಮ್ಮೆ ನಿಲ್ಲಿಸಿ ನೋಡುತ್ತಾಳೆ.