ಮೇಣದಲ್ಲಿ ಓರೆಯಾಗಿ ಕೂತ ಚೂರು

ರಾಮಾಂಜಿನಪ್ಪನವರ ಕೆಲಸ ಚರ್ಮವನ್ನು ನೆಟ್ಟಗೆ ನಿಲ್ಲಿಸುವುದು. ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲವೆಂದು ಅವರು ಮಾವಳ್ಳಿಯ ತಮ್ಮ ಬೀದಿಯಲ್ಲಿ “ಲ್ಯಾಬಲ್ಲಿ ಕೆಲ್ಸ” ಎಂದಷ್ಟೇ ಹೇಳುತ್ತಿದ್ದರು. ಬೀದಿಯವರು ಅವರನ್ನು ಕಾಂಪೌಂಡರ್ ಎಂದುಕೊಂಡು ಕೆಮ್ಮಿಗೆ ಔಷಧಿ ಕೇಳುತ್ತಿದ್ದರು.

ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನನ್ನ ಪ್ರಯೋಗಾಲಯವಿತ್ತು. ವೈದ್ಯರು ರೋಗಿಯ ಮೈಯಿಂದ ತೆಗೆದು ಕಳಿಸಿದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದೆಂದು ಬರೆಯುವುದು ನನ್ನ ಕೆಲಸ. ಆ ಚೂರನ್ನು ನೋಡಲು ಯೋಗ್ಯವಾಗಿ ಮಾಡಿಕೊಡುವುದು ಅವರದು. ಚರ್ಮದ ಚೂರು ಕಡಲೆಬೇಳೆಯಷ್ಟಿರುತ್ತದೆ. ಅದನ್ನು ಕರಗಿದ ಮೇಣದಲ್ಲಿ ಕೂರಿಸಿ, ಮೇಣ ಗಟ್ಟಿಯಾದ ಮೇಲೆ ಯಂತ್ರಕ್ಕೆ ಸಿಕ್ಕಿಸಿ, ಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ತೆಳ್ಳಗೆ ಸೀಳಬೇಕು. ಹೋಳಿಗೆಯನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದರೆ ಕಣಕ ಎಷ್ಟು, ಹೂರಣ ಎಷ್ಟು ಎಂದು ತಿಳಿಯುತ್ತದೆ. ಮೇಲ್ಮೈಯನ್ನು ಹೆರೆದರೆ ಸಿಗುವುದು ಬರೀ ಕಣಕ. ಚರ್ಮವೂ ಹಾಗೆಯೇ. ಮೇಲ್ಪದರ, ಒಳಪದರ, ಕೂದಲ ಬುಡ ಎಲ್ಲವೂ ಒಂದೇ ಸೀಳಿನಲ್ಲಿ ಕಾಣಬೇಕಾದರೆ ಚೂರು ಮೇಣದೊಳಗೆ ಅಂಚಿನ ಮೇಲೆ ನಿಂತಿರಬೇಕು.

ಅವರನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಒಂದು ಚಾಕು ಕೊಟ್ಟು ಮಸೆಯಲು ಹೇಳಿದ್ದೆ. ಒಂದೂವರೆ ಗಂಟೆ ಕಲ್ಲಿನ ಮೇಲೆ ಮಸೆದು, ತಲೆಯಿಂದ ಒಂದು ಕೂದಲು ಕಿತ್ತು ಕತ್ತರಿಸಿದರು. ಆಮೇಲೆ ಕತ್ತರಿಸಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, “ಇನ್ನೂ ಆಗ್ಬೇಕು” ಎಂದು ಮತ್ತೆ ಕಲ್ಲಿನ ಮುಂದೆ ಕೂತರು. ಅವರ ತಂದೆ ಬಿನ್ನಿಮಿಲ್ಲಿನಲ್ಲಿ ಬಟ್ಟೆಯ ದೋಷ ಹುಡುಕುವ ಕೆಲಸದಲ್ಲಿದ್ದವರು. ಆ ಕಣ್ಣು ಮಗನಿಗೆ ಬಂದಿತ್ತು. ಬಾಯಿ ಮಾತ್ರ ಬಂದಿರಲಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಹಾಗಾಗಿ 1994ರ ಜುಲೈನ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತಾಗ ನಾನು ಕನ್ನಡಕ ತೆಗೆದೆ.

“ಮೇಡಂ, ಮಹಾನಂದ ಅನ್ನೋರ ರಿಪೋರ್ಟ್ ಕೊಡ್ಬೇಡಿ.”

“ಟೈಪ್ ಆಗಿದೆ. ಯಾಕೆ ಕೊಡಬಾರದು?”

“ಕೂರಿಸಿದ್ದು ಓರೆ.”

ಮಹಾನಂದ ಇಪ್ಪತ್ತಾರು ವರ್ಷದ ಹೆಂಗಸು. ಹತ್ತಿರದ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಅಡುಗೆಯವಳು. ಇರಲು ಅಲ್ಲೇ ಒಂದು ಕೋಣೆ. ಕಿವಿಯ ಕೆಳಗೆ ಒಂದು, ತೋಳಿನ ಮೇಲೆ ಎರಡು ಕೆಂಪು ಮಚ್ಚೆಗಳೆದ್ದಿದ್ದವು. ಮಚ್ಚೆಯ ಮೇಲೆ ಸಾಸಿವೆಯಷ್ಟು ಗುಳ್ಳೆಗಳು, ಕೂದಲಿಲ್ಲ. ಗಾಂಧಿಬಜಾರಿನ ಚರ್ಮವೈದ್ಯ ವರದರಾಜ, ನನ್ನ ಹಳೆಯ ವಿದ್ಯಾರ್ಥಿ, ತೋಳಿನಿಂದ ಚೂರು ತೆಗೆದು ಕಳಿಸಿದ್ದ. “ಸ್ಪರ್ಶ ಕಡಿಮೆ ಇರುವಂತಿದೆ. ಕುಷ್ಠವೇ?” ಎಂದು ಚೀಟಿಯಲ್ಲಿ ಬರೆದಿದ್ದ. ಸ್ಲೈಡಿನಲ್ಲಿ ನನಗೆ ಕಂಡದ್ದು ಕೂದಲ ಬುಡದ ಅಂಚಿನಲ್ಲಿ ಗುಂಪುಗೂಡಿದ ಬಿಳಿರಕ್ತಕಣಗಳು, ಅಷ್ಟೇ. ಕುಷ್ಠದ ರೋಗಾಣು ಕಾಣಲಿಲ್ಲ. ಆದರೆ ಆರಂಭದ ಹಂತದಲ್ಲಿ ಅದು ಕಾಣದೆಯೂ ಇರಬಹುದು. “ಆರಂಭದ ಕುಷ್ಠಕ್ಕೆ ಹೊಂದುತ್ತದೆ” ಎಂದು ಬರೆದಿದ್ದೆ.

ಆ ಹೊತ್ತಿಗಾಗಲೇ ಕುಷ್ಠ ಮಾತ್ರೆಯಿಂದ ವಾಸಿಯಾಗುವ ರೋಗ. ಹೆದರಬೇಕಾದದ್ದೇನೂ ಇರಲಿಲ್ಲ. ಆದರೆ ಆ ವಿದ್ಯಾರ್ಥಿನಿಲಯದ ಮ್ಯಾನೇಜರು ವೈದ್ಯಶಾಸ್ತ್ರ ಓದಿದವರಲ್ಲ. ಶುಕ್ರವಾರ ಬೆಳಿಗ್ಗೆ ಕುಷ್ಠವಲ್ಲವೆಂಬ ಕಾಗದ ತೋರಿಸಬೇಕು, ಇಲ್ಲವಾದರೆ ಒಲೆಯನ್ನೂ ಕೋಣೆಯನ್ನೂ ಬಿಡಬೇಕು ಎಂದು ಆಕೆಗೆ ಹೇಳಿದ್ದರು.

“ಓರೆ ಕೂತದ್ದು ನಿಮಗೆ ಯಾವಾಗ ಗೊತ್ತಾಯಿತು?” ಎಂದು ಕೇಳಿದೆ.

“ಮಂಗಳವಾರಾನೇ. ಮೇಣ ಹುಯ್ಯೋವಾಗ ಕರೆಂಟ್ ಹೋಯ್ತು. ಕಿಟಕಿ ಬೆಳಕಲ್ಲಿ ನಿಲ್ಲಿಸ್ದೆ, ಗಟ್ಟಿಯಾಗ್ತಾ ವಾಲ್ಕೊಳ್ತು. ಇನ್ನೂ ಹನ್ನೊಂದು ಚೂರು ಕಾಯ್ತಿದ್ವು. ಗೊತ್ತಿದ್ದೂ ಬಿಟ್ಟೆ.”

“ಇವತ್ತು ಯಾಕೆ ಹೇಳ್ತಿದ್ದೀರಿ?”

“ಆಯಮ್ಮ ಹೊರಗೆ ಬೆಂಚಲ್ಲಿ ಕೂತಿದಾರೆ. ಮಾತಾಡಿಸ್ದೆ.”

ಇದು ಇನ್ನೂ ವಿಚಿತ್ರ. ರಾಮಾಂಜಿನಪ್ಪ ಬೆಂಚಿನವರನ್ನು ಮಾತಾಡಿಸಿದ್ದನ್ನು ನಾನು ಕಂಡಿರಲಿಲ್ಲ. ಮಹಾನಂದಳನ್ನು ಒಳಗೆ ಕರೆದೆ. ಸೆರಗನ್ನು ಕಿವಿಯ ಮೇಲಿನಿಂದ ಎಳೆದು ಹೊದ್ದಿದ್ದಳು.

“ಇವರಿಗೆ ಏನು ಹೇಳಿದೆ, ನನಗೂ ಹೇಳು.”

“ಏನಿಲ್ಲ ಡಾಕ್ಟ್ರಮ್ಮ. ಈ ಅಣ್ಣ, ಮುಟ್ಟಿದ್ರೆ ಹೆಂಗಿರ್ತದೆ ಅಂದ್ರು. ಗುಳ್ಳೆ ಅದುಮಿದ್ರೆ ಬೆಂಡೆಕಾಯಿ ಲೋಳೆ ಥರ ಬರ್ತದೆ ಅಂದೆ.”

“ಕೀವಾ?”

“ಕೀವು ನಂಗೊತ್ತಿಲ್ವಾ? ಲೋಳೆ. ದಿನಾ ಮೂರು ಕೇಜಿ ಬೆಂಡೆಕಾಯಿ ಹೆಚ್ತೀನಿ.”

“ವರದರಾಜನಿಗೆ ಯಾಕೆ ಹೇಳಲಿಲ್ಲ?”

“ಅವರು ಹತ್ತಿ ಸವರಿ, ಗೊತ್ತಾಗ್ತದಾ ಅಂತ ಮಾತ್ರ ಕೇಳಿದ್ರು. ಅಷ್ಟು ಮೆತ್ತಗೆ ಸವರಿದ್ರೆ ಯಾರಿಗ್ ಗೊತ್ತಾಗ್ತದೆ? ಬಾಣಲೆ ಹಿಡಿಯೋ ಕೈ.”

ಭೂತಗನ್ನಡಿ ಹಿಡಿದು ತೋಳಿನ ಒಂದು ಗುಳ್ಳೆಯನ್ನು ಎರಡು ಬೆರಳಿನ ನಡುವೆ ಅದುಮಿದೆ. ಕೂದಲಿರಬೇಕಿದ್ದ ರಂಧ್ರದಿಂದ ತಿಳಿಯಾದ ಒಂದು ಹನಿ ಮೇಲೆದ್ದಿತು. ಗಾಜಿಗೆ ಮುಟ್ಟಿಸಿ ಎಳೆದರೆ ನೂಲಾಗಿ ಬಂತು. ಮೂವತ್ತೈದು ವರ್ಷಗಳ ವೃತ್ತಿಯಲ್ಲಿ ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ, ಸ್ಲೈಡಿನಲ್ಲಿ ಎರಡು ಸಲ ನೋಡಿದ್ದೆ. ಬದುಕಿರುವ ಚರ್ಮದಿಂದ ಅದು ಹೊರಬರುವುದನ್ನು ನೋಡಿರಲಿಲ್ಲ. ಕೂದಲ ಬುಡದಲ್ಲಿ ಲೋಳೆ ಶೇಖರವಾಗುವ ಒಂದು ಅಪರೂಪದ ರೋಗವಿದೆ. ಮಚ್ಚೆ, ಕೂದಲು ಉದುರುವುದು, ಕೆಲವೊಮ್ಮೆ ಸ್ಪರ್ಶ ಮಂಕಾಗುವುದು ಎಲ್ಲ ಕುಷ್ಠದಂತೆಯೇ ಇರುತ್ತದೆ. ಆದರೆ ಹನಿಯನ್ನು ನೋಡಿ ವರದಿ ಬರೆಯಲಾಗುವುದಿಲ್ಲ. ಕೂದಲ ಬುಡವನ್ನು ಉದ್ದಕ್ಕೆ ಸೀಳಿ ನೋಡಬೇಕು.

“ಮೇಣದಲ್ಲಿ ಎಷ್ಟು ಉಳಿದಿದೆ?”

“ಅರ್ಧ ಮಿಲಿಮೀಟರ್ ಇದ್ರೆ ಜಾಸ್ತಿ.”

ಮೇಣವನ್ನು ಮತ್ತೆ ಕರಗಿಸಿ, ಇಷ್ಟನ್ನು ನೆಟ್ಟಗೆ ನಿಲ್ಲಿಸಿ, ಮೊದಲಿನಿಂದ ಸೀಳಬೇಕು. ಹೊಸ ಮೇಣದ ಮುಖವನ್ನು ಸಮ ಮಾಡುವಾಗಲೇ ಎಲ್ಲ ಹೆರೆದುಹೋಗಬಹುದು. ಹೋದರೆ ಮತ್ತೊಂದು ಚೂರು ತೆಗೆಸಬೇಕು, ಅದಕ್ಕೆ ಇನ್ನೊಂದು ವಾರ. ಆಕೆಗೆ ಇದ್ದದ್ದು ನಾಳೆ ಬೆಳಿಗ್ಗೆಯವರೆಗೆ.

ರಾಮಾಂಜಿನಪ್ಪ ಹಿತ್ತಾಳೆಯ ಅಚ್ಚನ್ನು ಮೇಣ ಕರಗಿಸುವ ಒಲೆಯ ಪಕ್ಕ ಬೆಚ್ಚಗಿಟ್ಟರು. ಹಳೆಯ ಮೇಣ ಕರಗಿಸಿ ಚೂರನ್ನು ತೆಗೆದು, ಯಾವ ಕಡೆ ಮೇಲೆಂದು ತಿಳಿಯಲು ಮೇಲ್ಮೈಗೆ ಕಪ್ಪು ಶಾಯಿಯ ಒಂದು ಚುಕ್ಕೆ ಮುಟ್ಟಿಸಿದರು. ಅಚ್ಚಿನಲ್ಲಿ ನಿಲ್ಲಿಸಿ, ಮೇಣ ಹೆಪ್ಪುಗಟ್ಟುವವರೆಗೂ ಚಿಮಟದ ತುದಿಯನ್ನು ಬಿಡಲಿಲ್ಲ. ಆಗ ಬಳಸಿ ಬಿಸಾಡುವ ಬ್ಲೇಡುಗಳು ಬಂದಿದ್ದವು. ಅವರು ಯಂತ್ರದಲ್ಲಿದ್ದ ಬ್ಲೇಡನ್ನು ತೆಗೆದಿಟ್ಟು ತಮ್ಮ ಹಳೆಯ ಉಕ್ಕಿನ ಚಾಕುವನ್ನೇ ಸಿಕ್ಕಿಸಿದರು. ಮೇಣದ ಮುಖಕ್ಕೆ ಬಾಯಿಂದ ಒಮ್ಮೆ ಹಬೆಯೂದಿ, ಚಕ್ರವನ್ನು ಕೈಯಿಂದ ಅಷ್ಟಷ್ಟೇ ತಿರುಗಿಸಿದರು. ಸಾಮಾನ್ಯವಾಗಿ ಮೊದಲ ಸೀಳುಗಳನ್ನು ಎಲ್ಲರೂ ಬಿಸಾಡುತ್ತಾರೆ. ಅವರು ಅರ್ಧಂಬರ್ಧ ಬಂದ ಮೊದಲನೆಯದನ್ನೂ ಎತ್ತಿ ನೀರಿನ ಮೇಲೆ ತೇಲಿಸಿ ಸ್ಲೈಡಿನ ಗಾಜಿಗೆ ಹತ್ತಿಸಿಕೊಂಡರು. ನಲವತ್ತಮೂರು ಸೀಳು, ಹದಿನೈದು ಗಾಜು. ಆಮೇಲೆ ಮೇಣದಲ್ಲಿ ಚರ್ಮವಿರಲಿಲ್ಲ.

ಮಹಾನಂದ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. “ಈ ಅಣ್ಣ ನಮ್ಮನೇಲಿ ಹಪ್ಪಳ ಲಟ್ಟಿಸಿದ್ರೆ ಒಂದುಂಡೇಲಿ ಊರಿಗೇ ಊಟ ಹಾಕ್ಬೋದು” ಎಂದಳು. ರಾಮಾಂಜಿನಪ್ಪ ನಗಲಿಲ್ಲ, ಕಿವಿ ಕೆಂಪಾಯಿತು.

ಮೂರೂವರೆಗೆ ಬಣ್ಣ ಹಾಕಿದ ಗಾಜುಗಳು ನನ್ನ ಮೇಜಿಗೆ ಬಂದವು. ಮೊದಲ ಎಂಟರಲ್ಲಿ ಏನೂ ಇಲ್ಲ. ಒಂಬತ್ತನೆಯದರಲ್ಲಿ ಕೂದಲ ಬುಡವೊಂದು ಮೇಲಿನಿಂದ ಕೆಳಗಿನವರೆಗೆ ತೆರೆದುಕೊಂಡಿತ್ತು. ಅದರ ಜೀವಕೋಶಗಳು ಒಂದನ್ನೊಂದು ಬಿಟ್ಟು ದೂರ ಸರಿದು, ಮೂಲೆಗಳಲ್ಲಿ ಮಾತ್ರ ಕೈ ಹಿಡಿದುಕೊಂಡು ನಕ್ಷತ್ರಗಳಂತಾಗಿದ್ದವು. ನಡುವೆ ಮಬ್ಬು ಖಾಲಿ ಜಾಗ. ಲೋಳೆಯನ್ನು ಮಾತ್ರ ಹಿಡಿಯುವ ನೀಲಿ ಬಣ್ಣ ಹಾಕಿದ ಹತ್ತನೆಯ ಗಾಜಿನಲ್ಲಿ ಆ ಜಾಗವೆಲ್ಲ ಅಚ್ಚ ನೀಲಿ.

“ನೋಡಿ” ಎಂದು ಎದ್ದು ಜಾಗ ಬಿಟ್ಟೆ. ರಾಮಾಂಜಿನಪ್ಪ ಬಹಳ ಹೊತ್ತು ನೋಡಿದರು.

“ಇದೇನಾ ಲೋಳೆ?”

“ಇದೇ.”

“ಆಯಮ್ಮನೂ ನೋಡ್ಬೋದಾ?”

ನೋಡಿದಳು. “ಒಗೆಯೋ ನೀಲಿ ಚೆಲ್ದಂಗಿದೆ” ಎಂದಳು. ಆಮೇಲೆ ಕೇಳಿದಳು, “ನಾನು ಒಲೆ ಮುಂದೆ ನಿಲ್ಬೋದಾ?”

ಮೊದಲ ವರದಿಯನ್ನು ಹರಿದೆ. ಹೊಸ ವರದಿಯ ಕೆಳಗೆ ಮ್ಯಾನೇಜರಿಗಾಗಿ ಕನ್ನಡದಲ್ಲಿ ಬರೆದೆ: ಇದು ಕುಷ್ಠವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಈಕೆ ಅಡುಗೆ ಮಾಡಬಹುದು. ಆಕೆಗೆ ಬೇರೆ ಮಾತನ್ನೂ ಹೇಳಬೇಕಿತ್ತು, ಹೇಳಿದೆ: ಈ ರೋಗ ಚಿಕ್ಕ ವಯಸ್ಸಿನವರಲ್ಲಿ ಬಹುಪಾಲು ತಾನಾಗಿ ಹೋಗುತ್ತದೆ, ಆದರೆ ಅಪರೂಪಕ್ಕೆ ಕೆಲವರಲ್ಲಿ ಚರ್ಮದ ಕ್ಯಾನ್ಸರ್ ಜೊತೆಗೇ ಇರುತ್ತದೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. “ತೋರಿಸ್ತೀನಿ. ಮೊದ್ಲು ರಾತ್ರಿ ಸಾರಿಗೆ ಬೇಳೆ ಇಡ್ಬೇಕು” ಎಂದು ಹೊರಟಳು. ಮ್ಯಾನೇಜರು ವರದಿ ನೋಡಿಯೂ ಆಕೆಯನ್ನು ಒಂದು ತಿಂಗಳು ಪಾತ್ರೆ ತೊಳೆಯಲು ಹಾಕಿದರಂತೆ. ಆಮೇಲೆ ಹುಡುಗರು ಸಾರಿನ ರುಚಿ ಕೆಟ್ಟಿತೆಂದು ದೂರಿದ ಮೇಲೆ ಒಲೆಗೆ ಕರೆದರು. ಎರಡು ವರ್ಷದಲ್ಲಿ ಮಚ್ಚೆಗಳು ಹೋದವು. ತೋರಿಸಲು 2003ರವರೆಗೂ ತಪ್ಪದೆ ಬಂದಳು.

ಆ ಸಂಜೆ ರಾಮಾಂಜಿನಪ್ಪ ಬೈಗುಳಕ್ಕಾಗಿ ಕಾದು ನಿಂತಿದ್ದರು. ನಾನು ಮಂಗಳವಾರದ ಹಳೆಯ ಸ್ಲೈಡನ್ನು ಮತ್ತೆ ಇಟ್ಟು ನೋಡಿದೆ. ಮೇಲ್ಪದರ ಅಗಲಕ್ಕೆ ಹರಡಿಕೊಂಡಿತ್ತು. ಓರೆಯೆಂದು ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುವಂತಿತ್ತು. ನಾನು ಇನ್ನೊಮ್ಮೆ ಸೀಳಿಕೊಡಿ ಎಂದು ಕೇಳದೆ ಚೀಟಿಯಲ್ಲಿದ್ದ ಅನುಮಾನಕ್ಕೆ ಸಹಿ ಹಾಕಿದ್ದೆ.

“ನನಗೂ ಕಾಣಬೇಕಿತ್ತು” ಎಂದೆ.

“ಹೂಂ” ಎಂದರು. ಅಲ್ಲವೆನ್ನಲಿಲ್ಲ.

ಮರುದಿನದಿಂದ ಅವರು ಚರ್ಮದ ಚೂರನ್ನು ಮೇಣಕ್ಕೆ ಹಾಕುವ ಮುನ್ನ, ರೋಗಿ ಬೆಂಚಿನಲ್ಲಿದ್ದರೆ ಹೊರಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮುಟ್ಟಿದ್ರೆ ಹೆಂಗಿರತ್ತೆ?” ಉತ್ತರವನ್ನು ಆಡಿದ ಮಾತಿನಲ್ಲೇ ಬರೆದು ಸ್ಲೈಡಿನ ತಟ್ಟೆಗೆ ಸಿಕ್ಕಿಸುತ್ತಿದ್ದರು. ಹುಣಸೆ ಬೀಜದಂತೆ. ಒದ್ದೆ ಗೋಡೆಯಂತೆ. ಇರುವೆ ನಡೆದಂತೆ. ನಾನು ಅದನ್ನು ಓದದೆ ಮೈಕ್ರೋಸ್ಕೋಪಿಗೆ ಕಣ್ಣಿಡುವುದನ್ನು ಬಿಟ್ಟೆ.